ತೆಂಗಿನ ನುಸಿ ಮತ್ತು ಶ್ರಾವಕನ ಅಹಿಂಸಾಣುವ್ರತ

ಜೈನಧರ್ಮವು ಬೇಸಾಯವನ್ನು ಹೀನವೆಂದು ತಳ್ಳಿದ ಧರ್ಮವಲ್ಲ. ಕರ್ಮಭೂಮಿಯ ಆರಂಭದಲ್ಲಿ ಕಲ್ಪವೃಕ್ಷಗಳು ಮರೆಯಾಗಿ ಪ್ರಜೆಗಳು ಜೀವನೋಪಾಯ ಕಾಣದೆ ಕಂಗೆಟ್ಟಾಗ, ಆದಿತೀರ್ಥಂಕರ ವೃಷಭನಾಥನು ಅಸಿ, ಮಷಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಬೋಧಿಸಿದನೆಂದು ಪುರಾಣಗಳು ಸಾರುತ್ತವೆ. ಕರ್ನಾಟಕದ ಜೈನಸಮಾಜವಂತೂ ಬಹುಮಟ್ಟಿಗೆ ಮಣ್ಣನ್ನು ನಂಬಿ ಬಾಳಿದ ಸಮಾಜ. ಬೆಳಗಾವಿ ಸೀಮೆಯ ಹೊಲಗಳಲ್ಲಿ, ಕಾರ್ಕಳ ಮೂಡುಬಿದಿರೆಗಳ ಅಡಿಕೆ ತೋಟಗಳಲ್ಲಿ, ತುಮಕೂರು ಹಾಸನಗಳ ತೆಂಗಿನ ತೋಪುಗಳಲ್ಲಿ ಶ್ರಾವಕರ ತಲೆಮಾರುಗಳು ದುಡಿದಿವೆ. ಎಷ್ಟೋ ಬಸದಿಗಳ ನಿತ್ಯಪೂಜೆ ನಡೆಯುವುದೂ ತೋಟದ ಉತ್ಪತ್ತಿಯಿಂದಲೇ. ಆದ್ದರಿಂದ ಬೆಳೆಯನ್ನು ಬಾಧಿಸುವ ಜೀವಿಗಳ ವಿಷಯದಲ್ಲಿ ಶ್ರಾವಕನು ಹೇಗೆ ನಡೆದುಕೊಳ್ಳಬೇಕು ಎಂಬುದು ಗ್ರಂಥಗಳಲ್ಲಿ ಮಾತ್ರ ಚರ್ಚಿಸತಕ್ಕ ಪ್ರಶ್ನೆಯಲ್ಲ. ಅದು ಪ್ರತಿವರ್ಷವೂ ತೋಟದ ಬಾಗಿಲಿಗೆ ಬಂದು ನಿಲ್ಲುವ ಪ್ರಶ್ನೆ.

ಆಚಾರಶಾಸ್ತ್ರವು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದೆ. ಮನೆವಾರ್ತೆಯಲ್ಲಿ, ವೃತ್ತಿಯಲ್ಲಿ, ಆತ್ಮರಕ್ಷಣೆಯಲ್ಲಿ ಅನಿವಾರ್ಯವಾಗಿ ಒದಗುವ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ಬಿಡಲಾರ. ಆದರೆ ಕೊಲ್ಲಬೇಕೆಂಬ ಸಂಕಲ್ಪದಿಂದ ಮಾಡುವ ತ್ರಸಜೀವಹಿಂಸೆಯನ್ನು ಅವನು ಬಿಡಲೇಬೇಕು. ಅಹಿಂಸಾಣುವ್ರತದ ತಿರುಳು ಇದೇ. ನೇಗಿಲು ಹೂಡುವ ಒಕ್ಕಲಿಗನ ಕಾಲಡಿಯಲ್ಲಿ ಅಸಂಖ್ಯಾತ ಜೀವಿಗಳು ಸಾಯುತ್ತವೆ, ಆದರೆ ಅವನ ಮನಸ್ಸು ಇರುವುದು ಧಾನ್ಯದ ಮೇಲೆ. ಬಲೆ ಹಿಡಿದು ದಡದಲ್ಲಿ ಕುಳಿತವನಿಗೆ ದಿನವಿಡೀ ಒಂದು ಮೀನೂ ಸಿಗದಿರಬಹುದು, ಆದರೆ ಅವನ ಮನಸ್ಸು ಇರುವುದು ಮೀನಿನ ಮರಣದ ಮೇಲೆ. ಕ್ರಿ. ಶ. 959ರಲ್ಲಿ ಯಶಸ್ತಿಲಕ ಚಂಪುವನ್ನು ಪೂರೈಸಿದ ಸೋಮದೇವಸೂರಿಯು ಕೃಷಿಕನನ್ನೂ ಧೀವರನನ್ನೂ ಹೀಗೆ ಎದುರುಬದುರಾಗಿ ನಿಲ್ಲಿಸಿ, ಪಾಪದ ತೂಕವು ಸತ್ತ ಜೀವಿಗಳ ಎಣಿಕೆಯಲ್ಲಿಲ್ಲ, ಅಂತರಂಗದ ಅಭಿಪ್ರಾಯದಲ್ಲಿದೆ ಎಂದು ತೋರಿಸಿಕೊಟ್ಟನು. ಸಾವಿರ ವರ್ಷಗಳಿಂದ ಜೈನ ರೈತನು ಈ ದೃಷ್ಟಾಂತದ ನೆರಳಿನಲ್ಲಿ ನೆಮ್ಮದಿಯಾಗಿದ್ದಾನೆ.

ಆದರೆ ಅದೇ ರೈತನು ಬೆನ್ನಿಗೆ ಸಿಂಪಡಿಸುವ ಯಂತ್ರವನ್ನು ಕಟ್ಟಿಕೊಂಡಾಗ ಏನಾಗುತ್ತದೆ? ವಿಷವನ್ನು ನೀರಿಗೆ ಬೆರೆಸುವವನ ಮನಸ್ಸು ಇರುವುದು ಫಲದ ಮೇಲೋ, ಸಾವಿನ ಮೇಲೋ? ಅವನು ಇನ್ನೂ ಸೋಮದೇವನ ಕೃಷಿಕನೋ, ಅಥವಾ ತಿಳಿಯದೆಯೇ ದಡದ ಮೇಲೆ ಕುಳಿತವನೋ? ಈ ಪ್ರಶ್ನೆಯನ್ನು ತೆಂಗಿನ ನುಸಿಯೆಂಬ ಒಂದು ಅಲ್ಪಜೀವಿಯನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಉಚಿತ.

ನುಸಿಯ ಸ್ವರೂಪ

ನುಸಿಯು ಲೋಕರೂಢಿಯಲ್ಲಿ ಹುಳುವೆನಿಸಿಕೊಂಡರೂ ನಿಜದಲ್ಲಿ ಕೀಟವಲ್ಲ. ಅದು ಜೇಡದ ಬಂಧು. ಉಳಿದ ನುಸಿಗಳಿಗೆ ಸಾಮಾನ್ಯವಾಗಿ ಎಂಟು ಕಾಲುಗಳಿದ್ದರೆ, ತೆಂಗಿನ ನುಸಿಗೆ ನಾಲ್ಕೇ ಕಾಲು. ಹುಳುವಿನಂತೆ ನೀಳವಾದ ಬಿಳಿಯ ಶರೀರ; ಉದ್ದ ಒಂದು ಮಿಲಿಮೀಟರಿನ ಕಾಲುಭಾಗದಷ್ಟು. ಕಣ್ಣುಗಳಿಲ್ಲ. ಮೆಕ್ಸಿಕೋ ದೇಶದ ಗೆರೆರೊ ಪ್ರಾಂತದ ತೆಂಗಿನಕಾಯಿಗಳಲ್ಲಿ ದೊರೆತ ಈ ಜೀವಿಗೆ 1965ರಲ್ಲಿ ಆ ಪ್ರಾಂತದ ಹೆಸರನ್ನೇ ಸೇರಿಸಿ ಅಸೇರಿಯಾ ಗೆರೆರೋನಿಸ್ ಎಂದು ನಾಮಕರಣ ಮಾಡಲಾಯಿತು. ಶ್ರೀಲಂಕೆಯಲ್ಲಿ 1997ರಲ್ಲಿಯೂ ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ 1998ರಲ್ಲಿಯೂ ಅದು ಕಂಡುಬಂತು. ಕೆಲವೇ ವರ್ಷಗಳಲ್ಲಿ ತಮಿಳುನಾಡನ್ನೂ ಕರ್ನಾಟಕವನ್ನೂ ವ್ಯಾಪಿಸಿತು.

ಈ ನುಸಿ ವಾಸಿಸುವುದು ಕಾಯಿಯ ಹೊರಮೈಯಲ್ಲಲ್ಲ. ಹೀಚು ಕಟ್ಟಿದ ಮೇಲೆ ತೊಟ್ಟಿನ ಬಳಿ ಟೋಪಿಯಂತೆ ಕವುಚಿಕೊಂಡಿರುವ ಹೊದಿಕೆಯ ಅಡಿಯಲ್ಲಿ, ಕಾಯಿ ಬೆಳೆಯುವ ಎಳೆಯ ಭಾಗದಲ್ಲಿ ಅದು ರಸ ಹೀರುತ್ತದೆ. ಒಂದು ವಾರದಿಂದ ಹತ್ತು ದಿನಗಳೊಳಗೆ ಒಂದು ಪೀಳಿಗೆ ಮುಗಿದು ಇನ್ನೊಂದು ಸಿದ್ಧವಾಗುತ್ತದೆ. ಮೊದಲು ತೊಟ್ಟಿನ ಕೆಳಗೆ ತ್ರಿಕೋನಾಕಾರದ ಬಿಳಿಚು ಮಚ್ಚೆ. ಬರಬರುತ್ತ ಅದು ಕಂದಾಗಿ, ಬಿರಿದು, ಅಂಟು ಸೋರಿ ಸಿಪ್ಪೆಯೆಲ್ಲ ಒರಟಾಗುತ್ತದೆ. ಬಾಧೆ ಲಘುವಾಗಿದ್ದರೆ ಸಿಪ್ಪೆಗೆ ಮಾತ್ರ ಕಲೆ. ಒಳಗಿನ ತಿರುಳಿಗೆ ದೋಷವಿಲ್ಲ. ಬಾಧೆ ತೀವ್ರವಾದರೆ ಹೀಚು ಉದುರುತ್ತದೆ, ಕಾಯಿ ಕುಗ್ಗುತ್ತದೆ, ಕೊಬ್ಬರಿ ಕಡಿಮೆಯಾಗುತ್ತದೆ, ಕಾಯಿ ಸುಲಿಯುವುದೂ ಕಷ್ಟವಾಗುತ್ತದೆ. ತೆಂಗನ್ನೇ ನಂಬಿದ ಸಂಸಾರಕ್ಕೆ ಇದು ಅಲ್ಪನಷ್ಟವಲ್ಲ.

ಗಾತ್ರವನ್ನು ನೋಡಿ ಇದನ್ನು ತಿರಸ್ಕರಿಸಲು ಜೈನದೃಷ್ಟಿಯಲ್ಲಿ ಅವಕಾಶವಿಲ್ಲ. ಇರುವೆ, ಹೇನು, ತಿಗಣೆಗಳೊಡನೆ ತ್ರೀಂದ್ರಿಯ ಜೀವಿಗಳ ಸಾಲಿನಲ್ಲಿ ಕುಂಥು ಎಂಬ ಅತಿಚಿಕ್ಕ ಪ್ರಾಣಿಯನ್ನು ಶಾಸ್ತ್ರಕಾರರು ಹೆಸರಿಸಿದ್ದಾರೆ. ಸ್ಪರ್ಶ, ರಸ, ಗಂಧಗಳನ್ನು ಅರಿತು ಕಣ್ಣಿಲ್ಲದೆ ಬಾಳುವ ತೆಂಗಿನ ನುಸಿಯನ್ನು ಅದರ ಪಕ್ಕದಲ್ಲಿ ಇರಿಸುವುದು ಅಸಂಗತವಾಗದು. ಕುಂಥುವಿನಲ್ಲಿಯೂ ಆನೆಯಲ್ಲಿಯೂ ಇರುವ ಜೀವವು ಸಮಾನ. ಒಂದೇ ದೀಪದ ಬೆಳಕು ಗುಡಿಸಲಿನಲ್ಲಿ ಗುಡಿಸಲಷ್ಟಾಗಿ, ಅರಮನೆಯಲ್ಲಿ ಅರಮನೆಯಷ್ಟಾಗಿ ಹರಡುವಂತೆ ಜೀವಪ್ರದೇಶಗಳು ಶರೀರಕ್ಕೆ ತಕ್ಕಂತೆ ಸಂಕೋಚ ವಿಸ್ತಾರಗಳನ್ನು ಹೊಂದುತ್ತವೆ ಎಂಬುದು ಸಿದ್ಧಾಂತ. ಹೀಗಿರುವಾಗ ನುಸಿಯು ತ್ರಸಜೀವಿ, ಅಣುವ್ರತದ ವ್ಯಾಪ್ತಿಯೊಳಗಿನ ಜೀವಿ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಒಪ್ಪಿಕೊಂಡ ಮೇಲೆಯೇ ನಿಜವಾದ ವಿಚಾರ ಆರಂಭವಾಗುತ್ತದೆ.

ವಿಷವು ಬೀಳುವುದೆಲ್ಲಿ?

ನುಸಿಯ ಪಿಡುಗು ಹಬ್ಬಿದ ಆರಂಭದ ವರ್ಷಗಳಲ್ಲಿ ಡೈಕೋಫಾಲ್ ಸಿಂಪಡಣೆಯನ್ನೂ, ಬೇರಿನ ಮೂಲಕ ಮಾನೊಕ್ರೊಟೊಫಾಸ್ ಉಣಿಸುವುದನ್ನೂ ರೈತರಿಗೆ ಸೂಚಿಸಲಾಗಿತ್ತು. ಈ ಎರಡು ವಿಷಗಳ ಮುಂದಿನ ಚರಿತ್ರೆ ಬೋಧಪ್ರದವಾಗಿದೆ. ಡಿಡಿಟಿಯಿಂದ ತಯಾರಾಗುವ ಡೈಕೋಫಾಲನ್ನು 2019ರಲ್ಲಿ ಸ್ಟಾಕ್‌ಹೋಮ್ ಒಡಂಬಡಿಕೆಯು ಜಗತ್ತಿನಿಂದಲೇ ತೊಲಗಿಸತಕ್ಕ ರಾಸಾಯನಿಕಗಳ ಪಟ್ಟಿಗೆ ಸೇರಿಸಿತು. ಮಾನೊಕ್ರೊಟೊಫಾಸನ್ನು ತರಕಾರಿಗಳ ಮೇಲೆ ಬಳಸುವುದನ್ನು ಭಾರತದಲ್ಲಿ 2005ರಲ್ಲಿ ನಿಷೇಧಿಸಲಾಯಿತು. ಅದಕ್ಕೆ ಮೊದಲೇ, 1995-96ರ ಬೇಸಿಗೆಯಲ್ಲಿ, ಅರ್ಜೆಂಟೀನ ದೇಶದ ಹೊಲಗಳಲ್ಲಿ ಮಿಡತೆಗಳಿಗೆಂದು ಹಾಕಿದ ಇದೇ ವಿಷಕ್ಕೆ ಸಾವಿರಾರು ಗಿಡುಗಗಳು ಬಲಿಯಾಗಿದ್ದವು. ಗುರಿ ಮಿಡತೆ, ಬಿದ್ದದ್ದು ಪಂಚೇಂದ್ರಿಯ ಜೀವಿ.

ತೆಂಗಿನ ವಿಷಯದಲ್ಲಿ ಈ ಗುರಿತಪ್ಪುವಿಕೆ ಇನ್ನಷ್ಟು ಸ್ಪಷ್ಟ. ನುಸಿ ಇರುವುದು ಹೊದಿಕೆಯ ಅಡಿಯಲ್ಲಿ. ಸಿಂಪಡಿಸಿದ ದ್ರವದಲ್ಲಿ ಅಲ್ಲಿಗೆ ತಲುಪುವುದು ಅತ್ಯಲ್ಪ. ಉಳಿದದ್ದೆಲ್ಲ ಗರಿಯ ಮೇಲೆ, ಹೊಂಬಾಳೆಯ ಮೇಲೆ, ನೆಲದ ಮೇಲೆ, ಮರವೇರಿದ ಕೂಲಿಯವನ ಮೈಮೇಲೆ ಬೀಳುತ್ತದೆ. ಹೊಂಬಾಳೆ ಬಿರಿದಾಗ ಅಲ್ಲಿಗೆ ತುಡುವೆ ಜೇನು ಬರುತ್ತದೆ, ಮುಜಂಟಿ ಬರುತ್ತದೆ. ಇವು ಚತುರಿಂದ್ರಿಯ ಜೀವಿಗಳು. ತೆಂಗು ಹೀಚು ಕಟ್ಟುವುದರಲ್ಲಿ ಇವುಗಳ ಪಾಲಿದೆ. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಪರಾಗಸ್ಪರ್ಶವಾಗದ ಹೆಣ್ಣುಹೂವಿನಲ್ಲಿ ನುಸಿ ಸಾಮಾನ್ಯವಾಗಿ ಇರುವುದಿಲ್ಲ. ಹೀಚು ನಿಂತ ಮೇಲೆಯೇ ಅದು ಒಳಸೇರುತ್ತದೆ, ಮೂರು ನಾಲ್ಕು ತಿಂಗಳ ಕಾಯಿಯಲ್ಲಿ ಅದರ ಸಂಖ್ಯೆ ಅತಿಯಾಗುತ್ತದೆ, ಅನಂತರ ಇಳಿಯುತ್ತದೆ. ಅಂದರೆ ಜೇನು ಇರುವ ಕಡೆ ನುಸಿಯಿಲ್ಲ, ನುಸಿ ಇರುವ ಕಡೆ ಜೇನಿಲ್ಲ. ಹೊಂಬಾಳೆಯ ಮೇಲೆ ವಿಷ ಸುರಿಯುವವನು ಯಾವ ಲಾಭವೂ ಇಲ್ಲದೆ ಜೇನನ್ನು ಕೊಲ್ಲುತ್ತಾನೆ. ಇದನ್ನು ಉದ್ಯೋಗೀ ಹಿಂಸೆಯೆಂದು ಸಮರ್ಥಿಸಲಾಗದು; ಉದ್ಯೋಗಕ್ಕೆ ಬೇಡದ ಹಿಂಸೆ ಉದ್ಯೋಗದ ಹಿಂಸೆಯಾಗುವುದೆಂತು? ಇದು ಶುದ್ಧ ಪ್ರಮಾದ.

ಹಿಂಸೆಯ ಲಕ್ಷಣವನ್ನು ಹೇಳುವಾಗ ತತ್ತ್ವಾರ್ಥಸೂತ್ರಕಾರರು ಪ್ರಾಣಹರಣದ ಜೊತೆಗೆ ಪ್ರಮಾದವನ್ನು ಇಟ್ಟದ್ದು ಇದೇ ಕಾರಣದಿಂದ. ಪ್ರಮಾದವೆಂದರೆ ಕೇವಲ ಮರೆವಲ್ಲ. ಕಷಾಯಗಳ ವಶವಾಗಿ ನೋಡದೆ ನಡೆಯುವುದು. ಬೆಳೆ ಹೋದೀತೆಂಬ ಭಯ, ನೆರೆಯವನಿಗಿಂತ ಹಿಂದುಳಿದೇನೆಂಬ ಅಭಿಮಾನ, ಒಂದು ಕಾಯಿಯೂ ಹಾಳಾಗಬಾರದೆಂಬ ಲೋಭ: ಈ ಮೂರೂ ಸೇರಿ ಕೈಗೆ ಸಿಂಪಡಣೆಯ ಕೊಳವೆಯನ್ನು ಕೊಡುತ್ತವೆ.

ಪ್ರಮಾದದ ಫಲವು ಪರಲೋಕದವರೆಗೂ ಕಾಯುವುದಿಲ್ಲ. ನುಸಿಯನ್ನೇ ತಿಂದು ಬದುಕುವ ಬೇರೆ ನುಸಿಗಳಿವೆ. ತೆಂಗಿನಲ್ಲಿ ನಿಯೋಸೀಯುಲಸ್ ಬರಾಕಿ ಎಂಬ ಚಪ್ಪಟೆ ಮೈಯ ಪರಭಕ್ಷಕ ನುಸಿಯು ಕಾಯಿಯ ಹೊದಿಕೆಯ ಒಳಕ್ಕೂ ನುಸುಳುತ್ತದೆ. ಅಡಿಕೆ ಸಸಿಗಳ ಎಲೆಯಡಿಯಲ್ಲಿ ಬೇಸಿಗೆಯಲ್ಲಿ ಹೆಚ್ಚುವ ಕೆಂಪು ನುಸಿಯನ್ನು ಸ್ಟೆಥೋರಸ್ ಎಂಬ ಸಾಸಿವೆಗಾತ್ರದ ಕರಿಯ ಗುಲಗಂಜಿ ಹುಳು ತಿನ್ನುತ್ತದೆ. ಅನೇಕ ಕೀಟಗಳನ್ನು ಒಮ್ಮೆಗೇ ಕೊಲ್ಲುವ ವಿಷ ಬಿದ್ದಾಗ, ಆಹಾರ ಹುಡುಕುತ್ತ ಎಲೆಯಿಂದ ಎಲೆಗೆ ಅಲೆಯುವ ಈ ಪರಭಕ್ಷಕಗಳು ಮೊದಲು ಸಾಯುತ್ತವೆ. ಮರೆಯಲ್ಲಿದ್ದು ಉಳಿದ ನುಸಿಗಳು ಹತ್ತು ದಿನಕ್ಕೊಂದು ಪೀಳಿಗೆಯಂತೆ ಮತ್ತೆ ಹೆಚ್ಚುತ್ತವೆ, ತಡೆಯುವವರಿಲ್ಲ. ಕೆಲವು ವಿಷಗಳ ಅಲ್ಪಪ್ರಮಾಣವು ನುಸಿಗಳ ಮೊಟ್ಟೆಯಿಡುವ ಶಕ್ತಿಯನ್ನೇ ಹೆಚ್ಚಿಸುವುದೂ ಕಂಡುಬಂದಿದೆ. ಆಗ ಇನ್ನೊಂದು ಸಿಂಪಡಣೆ, ಅದರ ಹಿಂದೆ ಮತ್ತೊಂದು. ಹಿಂಸೆಯಿಂದ ಹಿಂಸೆ ಬೆಳೆಯುತ್ತದೆ ಎಂಬ ಮಾತು ಇಲ್ಲಿ ಕೈಯಲ್ಲಿ ಹಿಡಿದು ಎಣಿಸಬಹುದಾದ ಲೆಕ್ಕ.

ಉಪಕಾರಿ, ಅಪಕಾರಿ ಎಂಬ ಭೇದ

ಹಾಗಾದರೆ ಉಪಕಾರಿ ಕೀಟಗಳನ್ನು ಉಳಿಸಿ ಅಪಕಾರಿಗಳನ್ನು ಮಾತ್ರ ಕೊಲ್ಲುವುದೇ ಧರ್ಮವೇ? ಇಂದಿನ ಕೃಷಿಶಾಸ್ತ್ರ ಹಾಗೆ ಹೇಳುತ್ತದೆ, ಅದರ ಮಟ್ಟಿಗೆ ಅದು ವಿವೇಕದ ಮಾತೇ. ಆದರೆ ಶ್ರಾವಕನು ಅಲ್ಲಿಗೇ ನಿಲ್ಲಬಾರದು. ಉಪಕಾರಿ, ಅಪಕಾರಿ ಎಂಬ ಹೆಸರುಗಳು ಮನುಷ್ಯನ ಕಣಜದ ಬಾಗಿಲಲ್ಲಿ ನಿಂತು ಇಟ್ಟ ಹೆಸರುಗಳು. ಜೀವದ ಲಕ್ಷಣ ಉಪಯೋಗವೆಂದು ಶಾಸ್ತ್ರ ಹೇಳುವಾಗ ಆ ಶಬ್ದದ ಅರ್ಥ ಚೈತನ್ಯವ್ಯಾಪಾರ, ಮನುಷ್ಯನಿಗಾಗುವ ಪ್ರಯೋಜನವಲ್ಲ. ಜೇನಿನಿಂದ ಫಲ ಹೆಚ್ಚುತ್ತದೆಂಬ ಕಾರಣಕ್ಕೆ ಅದನ್ನು ರಕ್ಷಿಸುವವನು ನಾಳೆ ಫಲ ಹೆಚ್ಚದಿದ್ದರೆ ಅದನ್ನು ಕೈಬಿಟ್ಟಾನು. ಅದು ವ್ಯವಹಾರ, ದಯೆಯಲ್ಲ.

ಅಪಕಾರಿಯೆನಿಸಿದ ನುಸಿಯ ತಪ್ಪಾದರೂ ಏನು? ಅಮೆರಿಕ ಖಂಡದ ಜೀವಿ ಕಡಲು ದಾಟಿ ಬಂದದ್ದು ಸ್ವಂತ ಕಾಲಿನಿಂದಲ್ಲ. ಒಂದು ತೋಪಿನಿಂದ ಇನ್ನೊಂದಕ್ಕೆ ಗಾಳಿ ಒಯ್ಯುತ್ತದೆ. ಖಂಡದಿಂದ ಖಂಡಕ್ಕೆ ಒಯ್ಯುವುದು ಮನುಷ್ಯನ ಸರಕು ಸಾಗಣೆ. 1924ರಲ್ಲಿ ಕೊಯಮತ್ತೂರಿನ ತೆಂಗಿನಿಂದ ಮೊದಲು ವರ್ಣಿತವಾದ ಕೆಂಪು ನುಸಿಯು 2004ರಲ್ಲಿ ಕೆರಿಬಿಯನ್ ದ್ವೀಪಗಳಲ್ಲಿ ಕಾಣಿಸಿಕೊಂಡು ಅಲ್ಲಿಯ ತೆಂಗನ್ನು ಬಾಧಿಸಿತು. ಅತ್ತಣದ್ದು ಇತ್ತ, ಇತ್ತಣದ್ದು ಅತ್ತ. ಪರಿಗ್ರಹದ ಓಡಾಟದಲ್ಲಿ ಸಿಕ್ಕಿ ಬಂದ ಜೀವಿಯನ್ನು ಶತ್ರುವೆಂದು ಕರೆದು, ಅದರ ವಧೆಯನ್ನು ವಿರೋಧೀ ಹಿಂಸೆಯೆಂದು ಸಮರ್ಥಿಸುವುದು ಸುಲಭ. ನುಸಿಗೆ ದ್ವೇಷವಿಲ್ಲ; ಅದು ತನ್ನ ಕರ್ಮೋದಯಕ್ಕೆ ತಕ್ಕಂತೆ ಉಣ್ಣುತ್ತಿದೆ. ದ್ವೇಷವಿರುವುದು ಕೊಳವೆ ಹಿಡಿದವನಲ್ಲಿ ಮಾತ್ರ.

ಇದರಿಂದ ತೋಟವನ್ನು ನುಸಿಗೆ ಒಪ್ಪಿಸಿ ಕೈಕಟ್ಟಿ ಕುಳಿತುಕೊಳ್ಳಬೇಕೆಂಬ ತೀರ್ಮಾನ ಬಾರದು. ಗೃಹಸ್ಥನು ಮಹಾವ್ರತಿಯಲ್ಲ. ಸಂಸಾರದ ಭಾರವೂ ಮುನಿಗಳ ಆಹಾರದಾನವೂ ಬಸದಿಯ ಪೂಜೆಯೂ ಅವನ ದುಡಿಮೆಯ ಮೇಲೆ ನಿಂತಿವೆ. ಬರತಕ್ಕ ತೀರ್ಮಾನ ಇಷ್ಟು: ಯಾವ ಜೀವಿ ಕೊಲ್ಲತಕ್ಕದ್ದು ಎಂದು ಕೇಳುವುದನ್ನು ಬಿಟ್ಟು, ಎಷ್ಟು ನೋಡಿ ನಡೆದರೆ ಕೊಲ್ಲುವ ಸಂದರ್ಭವೇ ಕಡಿಮೆಯಾದೀತು ಎಂದು ಅವನು ಕೇಳಬೇಕು. ಮುನಿಗಳು ನಾಲ್ಕು ಮೊಳ ಮುಂದೆ ನೋಡಿ ಹೆಜ್ಜೆಯಿಡುತ್ತಾರೆ. ರೈತನ ಈರ್ಯಾಸಮಿತಿಯೆಂದರೆ ಸಿಂಪಡಣೆಗೆ ಮೊದಲು ನೋಡುವುದು.

ಮಾಡುವುದು, ಮಾಡಿಸುವುದು, ಒಪ್ಪುವುದು

ಇಲ್ಲಿ ಒಂದು ಸೂಕ್ಷ್ಮ ಶಂಕೆ ಏಳುತ್ತದೆ. ವಿಷವನ್ನು ಬಿಟ್ಟು ಪರಭಕ್ಷಕ ನುಸಿಗಳನ್ನು ಸಾಕಿ ತೋಟಕ್ಕೆ ಬಿಡುವ ಕ್ರಮ ಬಳಕೆಯಲ್ಲಿದೆ. ಶ್ರೀಲಂಕೆಯಲ್ಲಿ ಬರಾಕಿ ನುಸಿಯನ್ನು ಹೀಗೆ ಸಾಕಿ ತೆಂಗಿನ ಮರಗಳಿಗೆ ಬಿಟ್ಟಿದ್ದಾರೆ. ವಿಷವಿಲ್ಲವೆಂಬ ಮಾತ್ರಕ್ಕೆ ಇದು ಅಹಿಂಸೆಯಾಯಿತೇ? ಹಿಂಸೆಯು ಕೃತ, ಕಾರಿತ, ಅನುಮೋದಿತವೆಂದು ಮೂರು ದ್ವಾರಗಳಿಂದ ಬರುತ್ತದೆ. ತಾನು ಕೊಲ್ಲದೆ ಬೇರೊಂದು ಜೀವಿಯಿಂದ ಕೊಲ್ಲಿಸುವುದು ಕಾರಿತ. ಬೆಕ್ಕು ಮೊದಲಾದ ಹಿಂಸ್ರ ಪ್ರಾಣಿಗಳನ್ನು ಸಾಕುವುದನ್ನು ಅನರ್ಥದಂಡದಲ್ಲಿ ಎಣಿಸಿದ ಆಚಾರ್ಯರು ಈ ಶಂಕೆಯನ್ನು ಮುಂಚೆಯೇ ಕಂಡಿದ್ದರು. ಆದ್ದರಿಂದ ಪರಭಕ್ಷಕವನ್ನು ಕೊಂಡುತಂದು ಬಿಡುವುದಕ್ಕೂ, ತೋಟದಲ್ಲಿ ತಾನಾಗಿ ಇರುವ ಪರಭಕ್ಷಕವನ್ನು ಕೊಲ್ಲದೆ ಇರುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಸಂಕಲ್ಪವಿದೆ, ಎರಡನೆಯದರಲ್ಲಿ ವಿರತಿಯಿದೆ. ತಿರ್ಯಂಚ ಜೀವಿಗಳ ಪರಸ್ಪರ ಆಹಾರಸಂಬಂಧಕ್ಕೆ ಶ್ರಾವಕನು ಕರ್ತೃವಲ್ಲ. ಅವನು ತನ್ನ ವಿಷವನ್ನು ಹಿಂತೆಗೆದರೆ ಸಾಕು, ಉಳಿದದ್ದು ಅವುಗಳ ಪಾಡು. ಉಪಕಾರಿ ಕೀಟಗಳ ರಕ್ಷಣೆಯು ಜೈನ ರೈತನಿಗೆ ಒಪ್ಪುವುದು ಈ ನೆಲೆಯಲ್ಲಿ: ಅವು ತನ್ನ ಸೈನಿಕರೆಂದಲ್ಲ, ಅವೂ ಜೀವಗಳೆಂದು.

ಬೇವಿನ ವಿಷಯದಲ್ಲಿಯೂ ಆತ್ಮವಂಚನೆ ಸಲ್ಲದು. ಬೇವಿನೆಣ್ಣೆ ಸಸ್ಯಜನ್ಯ, ಆದ್ದರಿಂದ ನಿರ್ದೋಷ ಎಂಬ ಭಾವನೆ ಪ್ರಚಾರದಲ್ಲಿದೆ. ಬೇವೂ ನುಸಿಯನ್ನು ಕೊಲ್ಲುತ್ತದೆ. ಗಂಧಕವಂತೂ ಪರಭಕ್ಷಕ ನುಸಿಯನ್ನೂ ಬಿಡದು. ಬೇವಿನ ಗುಣವೆಂದರೆ ಅದರ ಹಿಂಸೆ ಸೀಮಿತ. ಬೇಗ ನಿಸ್ಸತ್ವವಾಗುತ್ತದೆ, ಗಿಡುಗದವರೆಗೆ ಹೋಗುವುದಿಲ್ಲ. ಕಡಿಮೆ ಹಿಂಸೆಯನ್ನು ಕಡಿಮೆ ಹಿಂಸೆಯೆಂದೇ ಕರೆಯಬೇಕು. ಅಹಿಂಸೆಯೆಂದು ಕರೆದ ಕ್ಷಣದಲ್ಲಿ ಪಶ್ಚಾತ್ತಾಪದ ಬಾಗಿಲು ಮುಚ್ಚಿಹೋಗುತ್ತದೆ.

ಮೂರು ದ್ವಾರಗಳ ಈ ವಿಚಾರವು ಬಸದಿಗಳ ಆಡಳಿತ ಮಂಡಳಿಗಳಿಗೆ ವಿಶೇಷವಾಗಿ ಸಲ್ಲುತ್ತದೆ. ತೋಟವನ್ನು ವರ್ಷದ ಗುತ್ತಿಗೆಗೆ ಕೊಟ್ಟು, ಹೆಚ್ಚು ಹಣ ಕೂಗಿದವನಿಗೆ ಒಪ್ಪಿಸಿ, ಅವನು ಏನು ಸಿಂಪಡಿಸಿದನೆಂದು ಕೇಳದಿರುವುದು ಎಷ್ಟೋ ಕಡೆ ರೂಢಿ. ಗುತ್ತಿಗೆದಾರನಿಗೆ ಒಂದು ವರ್ಷದ ಫಲವಷ್ಟೇ ಮುಖ್ಯ. ಮುಂದಿನ ವರ್ಷದ ಜೇನು, ಪರಭಕ್ಷಕ, ಮಣ್ಣು ಯಾವುದೂ ಅವನ ಲೆಕ್ಕಕ್ಕೆ ಬಾರದು. ಆ ಹಣದಿಂದ ನಡೆಯುವ ಪೂಜೆಯಲ್ಲಿ ಆಡಳಿತದವರು, ಸಿಂಪಡಿಸಿದ್ದು ತಾವಲ್ಲ ಎಂದು ನಿಶ್ಚಿಂತರಾಗಿರಬಹುದೇ? ಕರಾರು ಪತ್ರದಲ್ಲಿ ಸೇರಿಸಬಹುದಾಗಿದ್ದ ಒಂದು ವಾಕ್ಯವನ್ನು ಸೇರಿಸದೆ ಬಿಟ್ಟವರ ಪಾಲಿಗೂ ಕಾರಿತದ, ಕಡೆಗೆ ಅನುಮೋದಿತದ ಭಾಗ ಬರುತ್ತದೆ. ಅರವತ್ತು ಅಡಿ ಎತ್ತರದ ಮರಕ್ಕೆ ವಿಷದ ಡಬ್ಬಿಯೊಡನೆ ಏರುವ ಕೂಲಿಯವನ ಪ್ರಾಣವೂ ಆ ಕರಾರಿನಲ್ಲಿಯೇ ಅಡಗಿದೆ.

ಕೊಳ್ಳುವವನೂ ಇದರಿಂದ ಹೊರತಲ್ಲ. ಪೂಜೆಗೆ ಕಲೆಯಿಲ್ಲದ, ದುಂಡಾದ, ದೊಡ್ಡ ಕಾಯಿಯೇ ಬೇಕೆಂದು ಅಂಗಡಿಯಲ್ಲಿ ಹತ್ತು ಕಾಯಿಗಳನ್ನು ಹೊರಳಿಸಿ ನೋಡುವ ಶ್ರಾವಕನು, ಸಿಪ್ಪೆಯ ಅಂದಕ್ಕಾಗಿ ವಿಷ ಹಾಕಿರೆಂದು ರೈತನಿಗೆ ಬಾಯಿಬಿಡದೆ ಹೇಳಿದಂತೆಯೇ. ಲಘುಬಾಧೆಯ ಕಾಯಿಯೊಳಗಿನ ನೀರೂ ತಿರುಳೂ ನಿರ್ಮಲವಾಗಿಯೇ ಇರುತ್ತವೆ. ನಿರ್ಮಲವಾದ ಅರ್ಪಣೆಯೆಂದರೆ ಸಿಪ್ಪೆಯ ನುಣುಪೋ, ಅದರ ಹಿಂದಿನ ನಡತೆಯೋ? ಅಭಿಷೇಕಕ್ಕೆ ಒಯ್ಯುವ ಎಳನೀರು ಏಳು ತಿಂಗಳ ಕಾಯಿ. ನುಸಿಗೆಂದು ಔಷಧ ಹೊಡೆಯುವುದು ಎರಡರಿಂದ ಆರು ತಿಂಗಳ ಕಾಯಿಗೆ. ಇವೆರಡರ ನಡುವಿನ ಅಂತರ ಎಷ್ಟು ಕಿರಿದೆಂಬುದನ್ನು ಆಲೋಚಿಸಿದರೆ ಸಾಕು.

ಆಚರಣೆಯ ಕ್ರಮ

ಕೊಲ್ಲದ ಉಪಾಯಗಳನ್ನು ಮೊದಲು ಮುಗಿಸುವುದು ಮೊದಲನೆಯ ಕರ್ತವ್ಯ. ಮರ ಬಲವಾಗಿದ್ದರೆ ಬಾಧೆಯನ್ನು ತಾಳಿಕೊಳ್ಳುತ್ತದೆ. ಬೆಳೆದ ಮರವೊಂದಕ್ಕೆ ವರ್ಷಕ್ಕೆ 50 ಕಿಲೋ ಕೊಟ್ಟಿಗೆ ಗೊಬ್ಬರ, 5 ಕಿಲೋ ಬೇವಿನ ಹಿಂಡಿ, ಮಣ್ಣಿಗೆ ತಕ್ಕ ಪೊಟ್ಯಾಷ್, ಬೇಸಿಗೆಯಲ್ಲಿ ನೀರು ಇವು ಸೂಚಿತವಾದ ಆರೈಕೆಗಳು. ಒಣಗರಿಯನ್ನು ಸುಡದೆ ಬುಡಕ್ಕೆ ಹೊದಿಸಿದರೆ ಬೆಂಕಿಯ ಹಿಂಸೆ ತಪ್ಪುತ್ತದೆ, ತೇವ ಉಳಿಯುತ್ತದೆ. ಹೊಸದಾಗಿ ಗಿಡ ನೆಡುವವರು ನುಸಿಯ ಬಾಧೆ ಕಡಿಮೆಯಿರುವ ತಳಿಗಳನ್ನು ಆರಿಸಬಹುದು. ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯ ಕಲ್ಪಹರಿತ ಅಂಥದೊಂದು ತಳಿ.

ಎರಡನೆಯದು ನೋಡುವುದು. ಹತ್ತುಪಟ್ಟು ಹಿಗ್ಗಿಸುವ ಮಸೂರವೊಂದಿದ್ದರೆ ಹೊದಿಕೆಯನ್ನು ಎತ್ತಿ ಒಳಗಿನದನ್ನು ಕಾಣಬಹುದು. ಕಲೆಯಿದ್ದ ಮಾತ್ರಕ್ಕೆ ನುಸಿ ಈಗಲೂ ಇದೆಯೆಂದಲ್ಲ; ಹಳೆಯ ಗಾಯದ ಗುರುತು ಕಾಯಿಯೊಡನೆಯೇ ಬೆಳೆಯುತ್ತದೆ. ನಷ್ಟ ತಾಳುವಷ್ಟಿದ್ದರೆ ತಾಳುವುದೇ ವ್ರತ.

ತಾಳಲಾರದಷ್ಟಾದಾಗ ಮಾತ್ರ ಮೂರನೆಯದು. ಲೀಟರ್ ನೀರಿಗೆ 20 ಮಿಲಿಲೀಟರ್ ಬೇವಿನೆಣ್ಣೆ, 20 ಗ್ರಾಂ ಬೆಳ್ಳುಳ್ಳಿಯ ರಸ, 5 ಗ್ರಾಂ ಸಾಬೂನು ಬೆರೆಸಿದ ಮಿಶ್ರಣವನ್ನು ಎರಡರಿಂದ ಆರು ತಿಂಗಳ ಗೊನೆಗಳಿಗೆ ಮಾತ್ರ, ಬಿರಿದ ಹೊಂಬಾಳೆಗೆ ಸೋಕದಂತೆ, ಜೇನು ಗೂಡಿಗೆ ಮರಳಿದ ಸಂಜೆಯ ಹೊತ್ತಿನಲ್ಲಿ, ಕತ್ತಲಾಗುವ ಮೊದಲು ಸಿಂಪಡಿಸಬೇಕು. ಅಂದಿನ ಪ್ರತಿಕ್ರಮಣದಲ್ಲಿ ಆ ಕಾರ್ಯವನ್ನು ಮರೆಯದೆ ಆಲೋಚನೆ ಮಾಡಬೇಕು.

ಈಗ ಮೊದಲಿನ ಪ್ರಶ್ನೆಗೆ ಉತ್ತರ ಹೇಳಬಹುದು. ಮನಸ್ಸು ಫಲದ ಮೇಲಿದೆಯೆಂದು ಬಾಯಿಯಿಂದ ಹೇಳಿಕೊಂಡ ಮಾತ್ರಕ್ಕೆ ಯಾರೂ ಸೋಮದೇವನ ಕೃಷಿಕನಾಗುವುದಿಲ್ಲ. ಅಭಿಪ್ರಾಯವು ಅಂತರಂಗದ್ದಾದರೂ ಅದರ ಸಾಕ್ಷಿ ಹೊರಗಿದೆ. ಕೊಲ್ಲದ ಉಪಾಯವನ್ನು ಮೊದಲು ಮಾಡಿದ್ದಾನೆಯೇ, ನೋಡಿದ್ದಾನೆಯೇ, ಹೊಂಬಾಳೆಯನ್ನು ತಪ್ಪಿಸಿದ್ದಾನೆಯೇ, ನಷ್ಟದ ಒಂದು ಪಾಲನ್ನು ತಾನೂ ಹೊತ್ತಿದ್ದಾನೆಯೇ? ಈ ಪ್ರಶ್ನೆಗಳಿಗೆ ಹೌದೆನ್ನಬಲ್ಲವನ ಕೈಯಲ್ಲಿ ಸಿಂಪಡಣೆಯ ಕೊಳವೆಯಿದ್ದರೂ ಅವನು ಕೃಷಿಕನೇ. ಹೌದೆನ್ನಲಾರದವನು ತನ್ನ ತೋಟದ ಮೇಲೆಯೇ ಬಲೆ ಬೀಸಿದವನು. ಬಲೆಗೆ ಯಾರು ಯಾರು ಬಿದ್ದರೆಂಬುದು ಅವನಿಗೂ ತಿಳಿಯದು.